ಹದಿನೈದು ನಿಮಿಷ

ಕಿವಿಗೆ ಹೆಡ್‌ಫೋನ್ ಹಾಕುವ ಮುಂಚೆ
ಗ್ವಿಲಿಮ್ ನನ್ನನ್ನು ಹತ್ತಿರ ಕರೆದ:
"ರಗ್ಬಿ ಸಿಗುತ್ತದಾ? ಹಳೇ ಪಂದ್ಯ, ನಾವು ಸೋತದ್ದು?"
ಸೋತದ್ದೇ ಯಾಕಪ್ಪಾ, ಅಂದೆ.
"ಗೆದ್ದದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತೆ ಲೊವ್ರಿ,
ನಿಮ್ಮ ಲೆಕ್ಕ ಕೆಡುತ್ತೆ."

ಮಣಿಕಟ್ಟಿನಿಂದ ತಂತಿ ಒಳಹೋಯಿತು.
ಬಣ್ಣದ ದ್ರವ ಬಿಟ್ಟದ್ದೇ
ತೆರೆಯ ಮೇಲೆ ಅವನ ಹೃದಯ ಕಪ್ಪು ಬೇರು ಚಾಚಿ
ಒಂದು ಗಳಿಗೆ ನಿಂತು ಕರಗಿತು.
ಎಡ ಧಮನಿಯ ಮುಂಗವಲಿನಲ್ಲಿ ಒಂದು ಕಡೆ
ದಾರ ಬಿಗಿದ ಹಾಗೆ, ಸಣ್ಣಗೆ.

ಮೂವತ್ತೊಂದು ವರ್ಷ ಉಕ್ಕಿನ ಕುಲುಮೆಯೊಳಕ್ಕಿಳಿದು
ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿದವನಿಗೆ
ಇದರಲ್ಲಿ ಪ್ರಶ್ನೆಯೇ ಕಂಡಿರಲಿಲ್ಲ:
"ಕೊಳವೆ ಕಟ್ಟಿದೆ. ಬಿಡಿಸಿ. ಇದಕ್ಕೂ ಒಂದು ಸಂಶೋಧನೆಯೆ?"
ಡಾಕ್ಟರ್ ಪ್ರೊಥೆರೊ ಪೆನ್ನು ಕೆಳಗಿಟ್ಟು ಹೇಳಿದ್ದರು,
"ಬಿಡಿಸಿದ್ದಕ್ಕೆ ನೋವು ಹೋಗುತ್ತದೋ,
ಬಿಡಿಸಿದರು ಎಂಬ ನಂಬಿಕೆಗೆ ಹೋಗುತ್ತದೋ,
ನನಗೆ ಗೊತ್ತಿಲ್ಲ."
ಇಪ್ಪತ್ತು ವರ್ಷ ಸ್ಟೆಂಟ್ ಕೂರಿಸಿದ ಕೈ ಅದು.
ಗೊತ್ತಿಲ್ಲ ಎಂಬ ಮಾತು ಆ ಬಾಯಲ್ಲಿ
ಕಟ್ಟಿಸಿದ ಹಲ್ಲಿನಂತೆ ಎಡವುತ್ತಿತ್ತು.
ಬಹಳ ಹೊತ್ತು ಟೋಪಿಯನ್ನು ತೊಡೆಯ ಮೇಲೆ ತಿರುಗಿಸಿ ತಿರುಗಿಸಿ
ಗ್ವಿಲಿಮ್ ಸಹಿ ಹಾಕಿದ.

ಕಂಪ್ಯೂಟರು ಚೀಟಿ ಎತ್ತಿತು.
ಒಂದೇ ಪದ.
ಕೋಣೆಯಲ್ಲಿದ್ದ ನಾವು ನಾಲ್ವರೂ ಓದಿದೆವು,
ಯಾರ ಹೆಸರಿಗೆ ಬಂದಿತ್ತೋ ಅವನೊಬ್ಬನ ಬಿಟ್ಟು.

'ಬೇಡ' ಎಂದು ಬಂದ ದಿನಗಳೂ ಇವೆ.
(ಗ್ವಿಲಿಮನ ದಿನ ಅಂಥದೆಂದು ನಾನು ಹೇಳುತ್ತಿಲ್ಲ.)
ಅಂಥ ದಿನ ಹದಿನೈದು ನಿಮಿಷ
ಏನೂ ಮಾಡದೆ ನಿಲ್ಲಬೇಕು,
ಅದೂ ಸುಮ್ಮನೆ ಅಲ್ಲ, ಮಾಡುವವರ ಹಾಗೆ.
ಸೀಸದ ಅಂಗಿಯ ಭಾರ ಭುಜಕ್ಕಿಳಿಯುತ್ತದೆ.
ಬಲೂನು ಪೊಟ್ಟಣದಲ್ಲೇ ಇದೆ.
ಯಾರೋ ಕಾಲು ಬದಲಿಸುತ್ತಾರೆ,
ಯಾರದೋ ಹೊಟ್ಟೆ ಗುರ್ ಎನ್ನುತ್ತದೆ, ನಗು ಬಂದರೂ ನಗುವಂತಿಲ್ಲ.
ಹಸಿರು ಗೆರೆ ತನ್ನ ಪಾಡಿಗೆ
ಗುಡ್ಡ ಹತ್ತಿ, ಇಳಿದು, ಮತ್ತೆ ಹತ್ತಿ.
ಕೈ ಪಳಗಿದವರಿಗೆ ಕೈ ಕಟ್ಟಿ ನಿಲ್ಲುವುದೆಂದರೆ!
ಪ್ರೊಥೆರೊ ಅವರ ಹೆಬ್ಬೆರಳು
ಇಲ್ಲದ ತಂತಿಯನ್ನು ತಿರುವುತ್ತಲೇ ಇರುತ್ತದೆ.

ವಾರ್ಡಿನ ದಾದಿಯರಿಗೆ ಗೊತ್ತಿಲ್ಲ. ಗೊತ್ತಾಗಕೂಡದು.
ಟ್ರೆಡ್‌ಮಿಲ್ಲಿನ ಹುಡುಗನಿಗೂ.
ಗ್ವಿಲಿಮನಿಗೆ ಕೊಟ್ಟದ್ದು ಫೋನಿನಲ್ಲೊಂದು ಪ್ರಶ್ನೆ,
ಪ್ರತಿ ರಾತ್ರಿ: ಈ ದಿನ ಎಷ್ಟು ಸಲ ಎದೆ ಹಿಂಡಿತು?
ಸೊನ್ನೆ, ಒತ್ತುತ್ತಾನಂತೆ.
ಹೆಂಡತಿ ಎಲ್ಯುನೆಡ್ ನನ್ನ ಹತ್ತಿರ ದೂರು ತಂದಳು:
"ಮೆಟ್ಟಿಲ ಮೇಲೆ ನಿಂತೆಯಲ್ಲ, ಅದು ಏನು ಅಂದರೆ
ಬೆಕ್ಕು ನೋಡಲು ನಿಂತೆ ಅನ್ನುತ್ತಾನೆ.
ನಮ್ಮಲ್ಲಿ ಬೆಕ್ಕಿಲ್ಲ ಲೊವ್ರಿ."

ಏಳನೇ ವಾರ, ಸ್ವಾನ್ಸಿಯ ಮಾರುಕಟ್ಟೆಯಲ್ಲಿ ಸಿಕ್ಕ,
ಕೈಯಲ್ಲಿ ಚಿಪ್ಪುಮೀನಿನ ಕಾಗದದ ಪೊಟ್ಟಣ.
"ಟೌನ್‌ಹಿಲ್ ಏರು ಉಸಿರು ಬಿಡದೆ ಹತ್ತಿದೆ ಕಣೇ.
ಏನು ಕೂರಿಸಿದಿರೋ, ಚೆನ್ನಾಗಿ ಕೂತಿದೆ."
ಎದೆಯನ್ನು ಬಾಗಿಲಂತೆ ತಟ್ಟಿಕೊಂಡ.
"ಏನೂ ಕೂರಿಸಲಿಲ್ಲವಾದರೆ
ಅದೂ ಚೆನ್ನಾಗಿ ಕೂತಿದೆ."

ನಾನು ವಿನೆಗರ್ ಶೀಶೆಯ ಚೀಟಿಯನ್ನು
ಪೂರ್ತಿ ಓದಿದೆ, ಎರಡು ಸಲ.

ಅವನು ಬಗ್ಗಿ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ:
"ಆ ಪಂದ್ಯದ ಒಂದೊಂದು ನಿಮಿಷವೂ ನನಗೆ ಬಾಯಿಪಾಠ.
ಅದನ್ನೇ ಗಡಿಯಾರ ಮಾಡಿಕೊಳ್ಳೋಣ ಅಂತಿದ್ದೆ.
ಬೇಗ ಬಿಟ್ಟರೆ ಏನಿಲ್ಲ, ತಡವಾದರೆ ಸ್ಟೆಂಟು.
ಒಂಬತ್ತನೇ ನಿಮಿಷಕ್ಕೇ ನಿದ್ದೆ ಹೊಡೆದುಬಿಟ್ಟೆ, ನೋಡು.
ಕಣ್ಣು ಬಿಟ್ಟಾಗ ವಾರ್ಡಿನಲ್ಲಿದ್ದೆ,
ನಾವು ಸೋತಾಗಿತ್ತು."

ನಕ್ಕೆವು. ಬೇರೆ ಏನನ್ನೂ
ನಾನು ನಗುವಿನೊಳಗೆ ಬೆರೆಸಲಿಲ್ಲ ಎಂದು ನಂಬಿದ್ದೇನೆ.

ಪೊಟ್ಟಣ ಮುದುರಿ ಕಿಸೆಗೆ ಹಾಕಿ
ಏರಿನ ಕಡೆ ತಿರುಗಿದ.
ಅರ್ಧ ದಾರಿಯಲ್ಲಿ, ಕೆಂಪು ಅಂಚೆಪೆಟ್ಟಿಗೆಯ ಪಕ್ಕ,
ನಿಂತ.
ಅಲ್ಲಿ ಬೆಕ್ಕು ಇತ್ತೋ ಇಲ್ಲವೋ
ಇಲ್ಲಿಂದ ಕಾಣಲಿಲ್ಲ.